ಸೋಮಿಯ ಮಣ್ಣು

ಅಂಗಿಯ ಜೇಬಿನಲ್ಲಿ ಎರಡು ಕಾಗದಗಳಿದ್ದವು. ಒಂದನ್ನು ತೋರಿಸಲು ಪ್ರದೀಪನಿಗೆ ಎಷ್ಟು ಅವಸರವಿತ್ತೋ ಇನ್ನೊಂದನ್ನು ಹೊರಗೆ ತೆಗೆಯಲು ಅಷ್ಟೇ ಹಿಂಜರಿಕೆಯಿತ್ತು. ಎರಡನ್ನೂ ಒಂದೇ ಮನೆಯಲ್ಲಿ, ಇವತ್ತೇ, ಕತ್ತಲಾಗುವುದರೊಳಗೆ ಓದಿ ಹೇಳಬೇಕಿತ್ತು. ಶನಿವಾರದ ಮಧ್ಯಾಹ್ನ, ಕಾರವಾರದಿಂದ ಅಂಕೋಲಾಕ್ಕೆ ಹೋಗುವ ಬಸ್ಸು ಕಿಕ್ಕಿರಿದಿತ್ತು. ಪಕ್ಕದಲ್ಲಿ ಕೂತವಳ ಬುಟ್ಟಿಯಿಂದ ಒಣಮೀನಿನ ವಾಸನೆ ಬರುತ್ತಿತ್ತು. ಅದಾದರೂ ಒಳ್ಳೆಯದೇ, ಈ ಐದು ತಿಂಗಳಿಂದ ಮೂಗಿನೊಳಗೆ ಮನೆ ಮಾಡಿಕೊಂಡ ಎಣ್ಣೆಯ ವಾಸನೆಗಿಂತ ಎಷ್ಟೋ ಮೇಲು ಅಂದುಕೊಂಡ. ಮೊದಲ ಕಾಗದವನ್ನು ಅವನೇ ಬರೆದದ್ದು. ಹತ್ತೊಂಬತ್ತು ವರ್ಷಗಳಿಂದ ತಾನು ಕೆಲಸ ಮಾಡುವ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ, ಮೇಡಮ್ಮಿನ ಒಪ್ಪಿಗೆ ಪಡೆದು, ಸೋಮಿಯ ಗದ್ದೆಯ ಮಣ್ಣನ್ನು ಪರೀಕ್ಷೆ ಮಾಡಿ ಬರೆದದ್ದು. ಜನವರಿಯಲ್ಲಿ ಒಂದು ಕೆಜಿ ಮಣ್ಣಿನಲ್ಲಿ ಮೂವತ್ತೆಂಟು ಗ್ರಾಂ ಎಣ್ಣೆ ಇತ್ತು. ಈಗ ನಾಲ್ಕು. ಮೇಡಮ್ಮು ನಿಶಾ ಕನ್ನಡಕ ಹಣೆಗೇರಿಸಿ ಎರಡೆರಡು ಸಲ ಲೆಕ್ಕ ಹಾಕಿಸಿ, "ಯಾರು ಪ್ರದೀಪ ಈ ಸೋಮಿ ಅಂದ್ರೆ? ಎಲ್ಲಿ ಓದಿದವರು?" ಎಂದು ಕೇಳಿದ್ದರು. ಎಲ್ಲಿಯೂ ಓದಿಲ್ಲ ಅಂದಾಗ ಅವರು ಕಾಗದವನ್ನು ಮತ್ತೆ ಎತ್ತಿಕೊಂಡ ರೀತಿ ನೋಡಿ, ತನ್ನ ಸ್ವಂತ ಅಕ್ಕನನ್ನು ಯಾರೋ ಹೊಗಳಿದಷ್ಟು ಸಂತೋಷವಾಗಿತ್ತು. ಆ ಸಂತೋಷ ಎರಡನೆಯ ಕಾಗದ ನೆನಪಾಗುವವರೆಗೆ ಮಾತ್ರ ಇತ್ತು.

ತೋಡೂರು ದಾಟುವಾಗ ಜಗದೀಶನ ಫೋನು ಬಂತು. ಊರಿನಲ್ಲಿ ಏನೇ ಅರ್ಜಿ, ಏನೇ ಸಭೆ ಆದರೂ ಮುಂದಾಳು ಅವನೇ.

"ಪ್ರದೀಪಾ, ಹುಲಿಯಾನ ಸಹಿ ತಗಂಡ್ಯಾ?"

"ಇಲ್ಲ, ಈಗ ಹೋಗ್ತಾ ಇದ್ದೆ."

"ನಾಳೆ ಬೆಳಿಗ್ಗೆ ಒಂಬತ್ತೂ ಮನೆಯವರು ಸೇರೂದದೆ. ಅರ್ಜಿ ಸೋಮವಾರ ಕಾರವಾರಕ್ಕೆ ಹೋಗ್ಲೇ ಬೇಕು. ನೀ ಓದಿದವ, ನೀ ಹೇಳಿದ್ರೆ ಅವ ಎದುರು ಮಾತಾಡೂದಿಲ್ಲ."

ಅದೇ ತೊಂದರೆ, ಅವ ಎದುರು ಮಾತಾಡುವುದಿಲ್ಲ. ಫೋನು ಜೇಬಿಗೆ ಹಾಕುವಾಗ ಎರಡನೆಯ ಕಾಗದ ಬೆರಳಿಗೆ ತಾಗಿತು. ಅದನ್ನು ಬರೆದದ್ದೂ ಅವನೇ. ಊರಿನವರು ಒಂಬತ್ತು ಮನೆಯ ಪರವಾಗಿ ಬರೆ ಅಂದಾಗ, ಸರ್ಕಾರಿ ಭಾಷೆ ಬಲ್ಲವನೆಂಬ ಒಂದೇ ಒಂದು ಹೆಮ್ಮೆಯನ್ನು ಬಿಟ್ಟುಕೊಡಲಾರದೆ ಬರೆದಿದ್ದ. 'ಸದರಿ ಒಡ್ಡಿನ ಮರದ ಹಲಗೆಯನ್ನು ತಯಾರಿಸಿ ಕೂಡಿಸಿದ ಶ್ರೀ ಹುಲಿಯಾ ಗೌಡ ಇವರ ಅಲಕ್ಷ್ಯದಿಂದ ಹಲಗೆಯು ಕೊಳೆತು ಕುಂಬಾಗಿ ಮೂಲೆ ಒಡೆದು ತೈಲಮಿಶ್ರಿತ ನೀರು ಗದ್ದೆಗೆ ನುಗ್ಗಿದ್ದು, ಆದ ಕಾರಣ ಕಬ್ಬಿಣದ ಬಾಗಿಲು ಮಂಜೂರು ಮಾಡಿಕೊಡಬೇಕಾಗಿ ವಿನಂತಿ.' ಕೆಳಗೆ ಹುಲಿಯಾನ ಒಪ್ಪಿಗೆಯ ಸಹಿಗೆ ಜಾಗ. ಎಷ್ಟು ಚೆಂದದ ವಾಕ್ಯ! ಒಂದು ಅಕ್ಷರವೂ ತಪ್ಪಿರಲಿಲ್ಲ. ನಿಜವೂ ಇರಲಿಲ್ಲ, ಮತ್ತು ಅದು ಗೊತ್ತಿದ್ದವನು ಭೂಮಿಯ ಮೇಲೆ ಅವನೊಬ್ಬನೇ ಆಗಿದ್ದ.

ಅವರ್ಸಾದ ಹಳ್ಳದ ಬಾಯಿಯ ಹತ್ತಿರದ ಆ ಗದ್ದೆಗಳನ್ನು ಗಜನಿ ಅನ್ನುತ್ತಾರೆ. ಮಳೆಗಾಲದಲ್ಲಿ ಸಿಹಿನೀರು ನಿಂತಾಗ ಉಪ್ಪು ತಡೆಯುವ ಕಗ್ಗದ ಭತ್ತ, ಕೊಯ್ಲಾದ ಮೇಲೆ ಒಡ್ಡಿನ ಹಲಗೆ ಎತ್ತಿದರೆ ಸಮುದ್ರದ ನೀರು, ನೀರಿನ ಜೊತೆ ಸಿಗಡಿ. ಹಲಗೆ ಎತ್ತುವುದು ಇಳಿಸುವುದು ಒಂಬತ್ತು ಮನೆಯವರ ಪಾಳಿ, ಮನೆಗೆ ಎಂಟು ದಿನ. ಯಾರ ಪಾಳಿಯೋ ಆ ಎಂಟು ದಿನ ಬಾಗಿಲಿಗೆ ಕಟ್ಟಿದ ಬಲೆಯ ಸಿಗಡಿ ಅವರದ್ದು. ಉಳಿದ ಎಂಟು ಮನೆಯವರು ಪ್ರದೀಪನ ಪಾಳಿ ಬಂತೆಂದರೆ ನಗುತ್ತಿದ್ದರು. ಪ್ಯಾಂಟು ಮಡಚಿಕೊಂಡು ಒಡ್ಡಿನ ಮೇಲೆ ನಿಲ್ಲುವ ಈ ಲ್ಯಾಬಿನವನ ಬಲೆಗೆ ಬೀಳುವ ಸಿಗಡಿ ಸಾಕು ಬೆಕ್ಕಿಗೂ ಸಾಲದು ಅನ್ನುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಜನವರಿಯ ಆ ಭಾನುವಾರ ಹೆಂಡತಿಯ ತಮ್ಮ ವಿಕಾಸ ಮಡಗಾಂವಿನಿಂದ ಊಟಕ್ಕೆ ಬರುವವನಿದ್ದ, ಮತ್ತು ಅವನ ಎದುರು ಒಂದು ಬುಟ್ಟಿ ಸಿಗಡಿ ತಂದು ನಡುಮನೆಯಲ್ಲಿ ಸುರಿಯಬೇಕೆಂದು ಪ್ರದೀಪನಿಗೆ ಹುಚ್ಚು ಹಿಡಿದಿತ್ತು. ಬೆಳಿಗ್ಗೆಯೇ ಕೇಣಿಯ ಮೀನುಗಾರರಿಂದ, ಪಾಳಿಯವನೆಂದು ಅವನ ಫೋನಿಗೆ, ಸಂದೇಶ ಬಂದಿತ್ತು: ಯಾವುದೋ ಹಡಗಿನ ಎಣ್ಣೆ ಸೋರಿ ನೀರಿನ ಮೇಲೆ ತೇಲುತ್ತಿದೆ, ಹಲಗೆ ಎತ್ತಬೇಡಿ. ಓದಿದ. ಓದಿಯೂ, ಕೇಣಿ ಎಲ್ಲಿ ಅವರ್ಸಾ ಎಲ್ಲಿ, ಅರ್ಧ ಗಂಟೆಯಲ್ಲಿ ಏನಾಗುತ್ತದೆ ಅಂದುಕೊಂಡ. ಭರತದ ನೀರು ಬಿಟ್ಟರಲ್ಲವೇ ಇಳಿತದಲ್ಲಿ ಸಿಗಡಿ. ಎತ್ತಿದ. ನೀರು ನುಗ್ಗುತ್ತ ಬಂತು, ಅದರ ಮೇಲೆ ನೀಲಿ, ನೇರಳೆ, ಹಳದಿ ಬಣ್ಣ. ಒಂದು ಕ್ಷಣ, ದೇವರಾಣೆ, ಎಷ್ಟು ಚೆಂದ ಅಂತಲೇ ಅನಿಸಿತ್ತು. ಹಿಂದೆಯೇ ಕಪ್ಪು ಬಂತು. ಅವನು ಹಲಗೆ ಇಳಿಸಿ ಅದರ ಮೇಲೆ ಕೂತೇಬಿಟ್ಟ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಬಾಗಿಲಿನ ಪಕ್ಕದ ಮೊದಲ ಗದ್ದೆ ಸೋಮಿ ಮತ್ತು ಅವಳ ಗಂಡ ಹುಲಿಯಾನದ್ದು. ಒಡ್ಡಿನಲ್ಲಿ ಯಾರೂ ಇರಲಿಲ್ಲ. ಅವನು ಒಂದು ಕಲ್ಲು ತೆಗೆದುಕೊಂಡು ಹಲಗೆಯ ಮೂಲೆಯನ್ನು ಜಜ್ಜಿ ಒಡೆದ. ಇಳಿಸಿದ್ದ ಹಲಗೆಯೇ ತಾನಾಗಿ ಒಡೆದು ಎಣ್ಣೆ ನುಗ್ಗಿತೆಂದು ಊರು ನಂಬಿತು. ಯಾಕೆ ಹಾಗೆ ಮಾಡಿದೆ ಎಂದು ತನ್ನನ್ನೇ ಕೇಳಿಕೊಂಡಾಗಲೆಲ್ಲ, ವಿಕಾಸನಿಗೆ ಸಿಗಡಿ ಇಲ್ಲ ಎಂದು ಹೇಳುವಾಗ ತನ್ನ ದನಿ ಎಷ್ಟು ಸಹಜವಾಗಿತ್ತು ಎಂಬುದು ಮಾತ್ರ ನೆನಪಾಗುತ್ತದೆ.

ನೌಕಾನೆಲೆಯ ಗೋಡೆ ಮುಗಿಯಿತು. ಕಂಡಕ್ಟರು ಅವರ್ಸಾ ಎಂದು ಕೂಗಿದ. ಇಳಿದು ಗದ್ದೆಯ ಹಾದಿ ಹಿಡಿದಾಗ, ಮೊನ್ನೆ ಬಿದ್ದ ಎರಡು ಮಳೆಗೆ ನೆಲ ಮೆತ್ತಗಾಗಿತ್ತು. ಈ ಹಾದಿಯಲ್ಲೇ ಫೆಬ್ರವರಿಯಲ್ಲಿ ಅವನು ಸೋಮಿಗೆ ಪಾಠ ಹೇಳಿದ್ದ. ಮೇಲಿನ ಒಂದಡಿ ಮಣ್ಣು ಕೆರೆದು ತೆಗೆದು ಲಾರಿಯಲ್ಲಿ ಸಾಗಿಸದೆ ಬೇರೆ ದಾರಿಯಿಲ್ಲ, ಹಾಗೆಂದು ಪುಸ್ತಕದಲ್ಲಿದೆ ಅಂದಿದ್ದ. ಸೋಮಿ ಸೊಪ್ಪಿನ ಬುಟ್ಟಿ ಇಳಿಸಿ ಕೇಳಿದ್ದಳು, "ಸಾಗಿಸಿ ಎಲ್ಲಿ ಹಾಕ್ತ್ರಿ ತಮಾ? ಯಾರ ಮನೆ ಬಾಗಿಲಿಗೆ?" ಅವನ ಪುಸ್ತಕದಲ್ಲಿ ಅದಿರಲಿಲ್ಲ. ಅವಳು ಮುಂದುವರಿದು, ಹೆದ್ದಾರಿಯ ಪಕ್ಕದ ಲಾರಿ ಗ್ಯಾರೇಜಿನ ಹಿಂದೆ ತಾನು ನೋಡಿದ್ದನ್ನು ಹೇಳಿದ್ದಳು. ಅಲ್ಲಿ ವರ್ಷಗಟ್ಟಲೆ ಹಳೇ ಎಣ್ಣೆ ಚೆಲ್ಲಿ ನೆಲ ಡಾಂಬರಿನ ಹಾಗೆ ಆಗಿದೆ, ಒಂದು ಕಡ್ಡಿ ಹುಟ್ಟುವುದಿಲ್ಲ. ಆದರೆ ಪಕ್ಕದ ಕೊಟ್ಟಿಗೆಯವರು ಸಗಣಿ ಮತ್ತು ಒಣಎಲೆಯ ದರಕು ತಂದು ಒಟ್ಟಿದ ಮೂಲೆಯಲ್ಲಿ ಮಾತ್ರ ಹುಲ್ಲು ಮೊಣಕಾಲಿನವರೆಗೆ ಬಂದಿದೆ. ದಿನಾ ಸೊಪ್ಪು ಮಾರುತ್ತ ಆ ದಾರಿಯಲ್ಲಿ ಹೋಗುವ ಹತ್ತು ಹೆಂಗಸರಲ್ಲಿ ಅದನ್ನು ನೋಡಿದವಳು ಇವಳೊಬ್ಬಳೇ. ಅವನೂ ದಿನಾ ಅದೇ ಗ್ಯಾರೇಜಿನ ಎದುರು ಬಸ್ಸು ಕಾಯುತ್ತಿದ್ದ, ಫೋನು ನೋಡುತ್ತ.

ಊರವರು ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವ ಕೆಲಸ ಇದು ಎಂದು ನಕ್ಕರು. ಸೋಮಿ ನಗುವವರ ಮನೆಗಳಿಗೇ ಹೋಗಿ ಬುಟ್ಟಿ ಒಡ್ಡಿದಳು. ಒಬ್ಬರ ಮನೆಯ ಸಗಣಿ, ಇನ್ನೊಬ್ಬರ ಹಿತ್ತಲಿನ ದರಕು, ಅಕ್ಕಿ ಗಿರಣಿಯ ಹೊಟ್ಟು, ಕತ್ತದ ಹಗ್ಗ ಮಾಡುವಲ್ಲಿ ಯಾರಿಗೂ ಬೇಡವಾಗಿ ಬಿದ್ದ ತೆಂಗಿನ ನಾರಿನ ಪುಡಿ, ಕೇಣಿಯಿಂದ ಮೀನು ತೊಳೆದ ನೀರು. ಹುಳಿ ಮಣ್ಣಿಗೆ ಒಂದು ಹಿಡಿ ಚಿಪ್ಪಿನ ಸುಣ್ಣ. ಏಳು ಬುಟ್ಟಿ ಕೆಟ್ಟ ಮಣ್ಣಿಗೆ ಮೂರು ಬುಟ್ಟಿ ಈ ಮಿಶ್ರಣ ಎಂಬ ಪ್ರಮಾಣವನ್ನು ಅವಳು ಎಲ್ಲಿಂದ ತಂದಳು ಎಂದು ಕೇಳಿದರೆ, ದೋಸೆಗೆ ಉದ್ದು ಎಷ್ಟು ಅಂತ ನಿಂಗೆ ಯಾರು ಹೇಳಿದ್ರು ಎಂದು ತಿರುಗಿ ಕೇಳಿದ್ದಳು. ಸೊಸೆ ಯಶೋದಾ ಹೊತ್ತು ತರುವುದು, ಇವಳು ಬೆರೆಸಿ ಮೊಣಕಾಲೆತ್ತರದ ಸಾಲು ಮಾಡುವುದು. ಎಂಟು ದಿನಕ್ಕೊಮ್ಮೆ ಗುದ್ದಲಿಯಿಂದ ತಿರುವಿ ಹಾಕುವುದು, ಬಾವಿಯ ಸಿಹಿನೀರು ಚಿಮುಕಿಸುವುದು, ಹೆಚ್ಚಲ್ಲ, ಹಿಂಡಿದರೆ ಹನಿ ಬೀಳಬಾರದು ಅಷ್ಟು. ಪ್ರದೀಪ ಇಲ್ಲಿಯೂ ತನ್ನ ಓದು ತೂರಿಸಿದ್ದ. ಬಿಸಿಲಿಗೆ ಒಣಗದಂತೆ ಒಂದು ಸಾಲಿಗೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ ಎಂದು ಹೇಳಿ, ತಾನೇ ತಂದು ಕೊಟ್ಟಿದ್ದ. ಹದಿನೈದು ದಿನಕ್ಕೆ ಆ ಸಾಲು ಕೊಳೆತ ಮೊಟ್ಟೆಯ ಹಾಗೆ ನಾರಿತು. ಸೋಮಿ ಬಯ್ಯಲಿಲ್ಲ. ತಾಡಪತ್ರಿಯನ್ನು ತೊಳೆದು ಮಡಚಿ ಅವನ ಮನೆಗೆ ಕಳಿಸಿದಳು. ಅದರಷ್ಟು ಅವಮಾನ ಬೈಗುಳದಿಂದಲೂ ಆಗುತ್ತಿರಲಿಲ್ಲ. ಅಂದಿನಿಂದ ಅವನು ಹೇಳುವುದನ್ನು ಬಿಟ್ಟು ನೋಡುವುದನ್ನು ಕಲಿತ. ತಿಂಗಳಿಗೊಮ್ಮೆ ಮಣ್ಣು ಪೊಟ್ಟಣ ಕಟ್ಟಿ ಲ್ಯಾಬಿಗೆ ಒಯ್ಯುವುದು, ಅಂಕೆ ಬರೆದು ತರುವುದು. ಅವನು ಅಂಕೆ ಹೇಳುವ ಮೊದಲು ಅವಳು ಒಂದು ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ತಿಕ್ಕಿ ಮೂಸಿ, ಅರ್ಧಕ್ಕೆ ಬಂತು, ಕಾಲಿಗೆ ಬಂತು ಎಂದು ಹೇಳುತ್ತಿದ್ದಳು. ಒಂದು ಸಲವೂ ತಪ್ಪಲಿಲ್ಲ. ಹತ್ತೊಂಬತ್ತು ವರ್ಷ ಗಾಜಿನ ಬುರುಡೆ ತೊಳೆದ ತನಗೆ ಇಂಥ ಮೂಗು ಯಾಕೆ ಇಲ್ಲ ಎಂದು ಅವನು ಹೊಟ್ಟೆಕಿಚ್ಚು ಪಟ್ಟಿದ್ದೂ ಉಂಟು. ಆದರೆ ಹೊಟ್ಟೆಕಿಚ್ಚಿಗಿಂತ ದೊಡ್ಡದು ಆ ಹೆಂಗಸಿನ ಮೇಲೆ ಅವನಿಗೆ ಹುಟ್ಟಿದ ಭಕ್ತಿ. ಅದನ್ನು ಅವನು ಹೆಂಡತಿ ದೀಕ್ಷಾಳ ಎದುರು ಹೇಳಿದಾಗ ಅವಳು ಕೊಂಕಣಿಯಲ್ಲಿ, ಹಾಗಾದರೆ ಹೋಗಿ ಅಲ್ಲಿಯೇ ಸಗಣಿ ಹೊರು ಎಂದಿದ್ದಳು. ಹೊತ್ತಿದ್ದ ಕೂಡ. ಪ್ರತಿ ಭಾನುವಾರ. ಊರವರು ಅದನ್ನು ದೊಡ್ಡ ಗುಣ ಅಂದರು. ಕುಂಬಳಕಾಯಿ ಕಳ್ಳ ಹೆಗಲು ಒರೆಸಿಕೊಳ್ಳುತ್ತಿದ್ದಾನೆ ಎಂದು ಯಾರಿಗೂ ತಿಳಿಯಲಿಲ್ಲ.

"ಏ ತಮಾ, ನಿಲ್ಲು. ಆ ಸಾಲಿನ ಮೇಲೆ ಕಾಲಿಡಬೇಡ, ಅದಿನ್ನೂ ಉಸಿರಾಡ್ತಾ ಅದೆ."

ಸೋಮಿ ಕೊನೆಯ ಸಾಲನ್ನು ಕೆಡವಿ ಗದ್ದೆಗೆ ಹರಡುತ್ತಿದ್ದಳು. ಉಳಿದದ್ದೆಲ್ಲ ಆಗಲೇ ಹರಡಿ ಮಟ್ಟಸವಾಗಿತ್ತು. ಕೊರಳಿನ ಕರಿಮಣಿ ಸರಗಳು ಕೆಲಸಕ್ಕೆ ತೊಂದರೆಯಾಗದಂತೆ ಬೆನ್ನಿಗೆ ಹಾಕಿಕೊಂಡಿದ್ದಳು. ಅವಳು ಒಂದು ಹೆಂಟೆ ಎತ್ತಿ ಒಡೆದು ತೋರಿಸಿದಳು. ಒಳಗೆ ಬಿಳಿ ಎಳೆಗಳು ಹಬ್ಬಿದ್ದವು.

"ಕಂಡ್ಯಾ? ಈ ಬೂಷ್ಟು ಬಂದ ಕಡೆ ಎಣ್ಣಿ ನಿಲ್ಲೂದಿಲ್ಲ. ಎಂತ ಬಂತು ನಿನ್ನ ಕಾಗದದಲ್ಲಿ?"

"ನೀವೇ ಹೇಳಿ ಸೋಮಕ್ಕ."

ಅವಳು ಮೂಸಿದಳು. "ಹತ್ತರಲ್ಲಿ ಒಂದು ಪಾಲು ಉಳ್ದದೆ. ಅದು ಈ ಮಳೆಗಾಲ ದಾಟಿದ್ರೆ ಹೋತದೆ."

ಮೂವತ್ತೆಂಟರಲ್ಲಿ ನಾಲ್ಕು. ಪ್ರದೀಪನ ಕಣ್ಣು ತುಂಬಿತು, ಅದನ್ನು ಅವಳು ನೋಡಬಾರದೆಂದು ಬಗ್ಗಿ ಚಪ್ಪಲಿ ಬಿಚ್ಚಿದ. ಮೇಡಮ್ಮು ಹೇಳಿದ್ದನ್ನೆಲ್ಲ ಹೇಳಿದ. ಕಾಲೇಜಿಗೆ ಕರೆದು ಮಕ್ಕಳ ಎದುರು ಮಾತಾಡಿಸಬೇಕಂತೆ ಅಂದಾಗ ಅವಳು, "ಮಾತಾಡೂಕೆ ಎಂತ ಅದೆ, ಬಂದು ಸಗಣಿ ಕಲಸೂಕೆ ಹೇಳು" ಎಂದು ನಕ್ಕಳು. ನಗು ನಿಲ್ಲಿಸಿ, ಕೊಟ್ಟಿಗೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು, "ಮಣ್ಣೇನೋ ಸರಿ ಆಯ್ತು ತಮಾ. ಅವ್ರನ್ನ ಹೆಂಗೆ ಸರಿ ಮಾಡೂದು? ಐದು ತಿಂಗಳಾಯ್ತು, ಒಡ್ಡಿನ ಬದಿಗೆ ಮುಖ ಹಾಕೂದಿಲ್ಲ. ಉಳಿ ಮುಟ್ಟಲಿಲ್ಲ. ನನ್ನ ಕೈಯಿಂದ ಊರಿನ ಗದ್ದೆ ಹಾಳಾಯ್ತು ಅಂತ್ರು."

ಹುಲಿಯಾ ಕೊಟ್ಟಿಗೆಯ ನೆರಳಿನಲ್ಲಿ ಬೀಜದ ಕಗ್ಗವನ್ನು ಮೊಳಕೆಗೆಂದು ಹುಲ್ಲಿನಲ್ಲಿ ಸುತ್ತುತ್ತಿದ್ದ. ಮೂರು ತಲೆಮಾರಿನಿಂದ ಒಡ್ಡಿನ ಹಲಗೆ ಮಾಡುವುದು ಅವರ ಮನೆ. ಮರ ಆರಿಸಿ, ಉಪ್ಪುನೀರಿನಲ್ಲಿ ಮುಳುಗಿಸಿಟ್ಟು, ಗೇರೆಣ್ಣೆ ಬಳಿದು, ಒಂದು ಮೊಳೆ ಹೊಡೆಯದೆ ಕೂಡಿಸುವ ಹಲಗೆ. ಅದಕ್ಕೆ ಕೂಲಿಯಿಲ್ಲ. ಬಿತ್ತನೆಯ ದಿನ ಮೊದಲ ಹಿಡಿ ಕಾಳನ್ನು ಅವರ ಕೈಯಿಂದ ಹಾಕಿಸುತ್ತಾರೆ, ಅಷ್ಟೇ. ಈ ವರ್ಷ ಮೊದಲ ಹಿಡಿ ಜಗದೀಶ ಹಾಕುವುದೆಂದು ಮಾತಾಗಿತ್ತು. ಹುಲಿಯಾ ಪ್ರದೀಪನನ್ನು ನೋಡಿ ಎದ್ದು ನಿಂತ. ಲ್ಯಾಬಿನವರು ಬಂದಿದ್ದಾರೆಂದು ಮಣೆ ಕೊಡಲು ಯಶೋದಾಳಿಗೆ ಕೂಗಿದ. ಆ ಮರ್ಯಾದೆ ಪ್ರದೀಪನಿಗೆ ಕೆಂಡ ಮುಟ್ಟಿದ ಹಾಗಾಯಿತು.

"ಜಗದೀಶ ಹೇಳ್ದ, ಎಂತೋ ಸಹಿ ಅಂತೆ. ಓದಿ ಹೇಳು."

ಪ್ರದೀಪ ಎರಡನೆಯ ಕಾಗದ ಬಿಚ್ಚಿದ. ಓದಿದ. ತನ್ನದೇ ವಾಕ್ಯ, ಈ ಕೊಟ್ಟಿಗೆಯಲ್ಲಿ, ಈ ಮನುಷ್ಯನ ಎದುರು, ಎಷ್ಟು ಉದ್ದ ಅನಿಸಿತು! ಅಲಕ್ಷ್ಯ ಎಂಬಲ್ಲಿ ನಾಲಿಗೆ ತೊಡರಿತು. ಗದ್ದೆಯಿಂದ ಬಂದ ಸೋಮಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಓದು ಮುಗಿದ ಮೇಲೆ ಹುಲಿಯಾ ಕೈಯನ್ನು ಪಂಚೆಗೆ ಒರೆಸಿಕೊಂಡು ಪೆನ್ನಿಗೆ ಚಾಚಿದ.

"ಹಲಗೆ ನಂದು. ಕುಂಬಾಗಿದ್ರೆ ತಪ್ಪೂ ನಂದೇ. ಎಲ್ಲಿ ಹಾಕೂದು ಹೇಳು."

ಹಾಕಿಸಿಬಿಡಬಹುದಿತ್ತು. ಒಂದು ನಿಮಿಷದ ಕೆಲಸ. ಕಬ್ಬಿಣದ ಬಾಗಿಲು ಬರುತ್ತದೆ, ಗದ್ದೆ ಬೆಳೆಯುತ್ತದೆ, ಎಲ್ಲರೂ ಮರೆಯುತ್ತಾರೆ, ತಾನು ಭಾನುವಾರಗಳಲ್ಲಿ ಸಗಣಿ ಹೊತ್ತು ತೀರಿಸುತ್ತ ಹೋಗಬಹುದು ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿದ್ದ. ಈಗ ಕಂಡದ್ದು ಬೇರೆ. ಹುಲಿಯಾನ ಬೆರಳುಗಳು ಪೆನ್ನನ್ನು ಉಳಿಯ ಹಾಗೆ ಹಿಡಿದಿದ್ದವು. ಪ್ರದೀಪ ಕಾಗದ ಬಿಡಲಿಲ್ಲ. ಹುಲಿಯಾ ಎಳೆದ, ಇವನು ಬಿಡಲಿಲ್ಲ. ಇಬ್ಬರೂ ಒಂದೇ ಕಾಗದ ಹಿಡಿದು ನಿಂತದ್ದು ನೋಡಿ ಯಶೋದಾಳಿಗೆ ನಗು ಬಂತು.

"ಹಲಗೆ ಕುಂಬಾಗಿರಲಿಲ್ಲ ಹುಲಿಯಣ್ಣ," ಎಂದ ಪ್ರದೀಪ. ದನಿ ತನ್ನದಲ್ಲ ಅನಿಸಿತು. "ಆ ದಿನ ಪಾಳಿ ನನ್ನದು. ಸಿಗಡಿ ಆಸೆಗೆ ನಾನೇ ಎತ್ತಿದೆ. ಎತ್ತಬೇಡಿ ಅಂತ ಕೇಣಿಯವರು ಹೇಳಿದ್ದರು, ಗೊತ್ತಿದ್ದೂ ಎತ್ತಿದೆ. ಆಮೇಲೆ ಮೂಲೆಯನ್ನು ಕಲ್ಲಿನಲ್ಲಿ ನಾನೇ ಒಡೆದೆ."

ಯಶೋದಾಳ ನಗು ಅಲ್ಲಿಯೇ ನಿಂತಿತು. ಸೋಮಿ ಬಾಗಿಲಿನಿಂದ ಒಳಗೆ ಬಂದಳು. ಅವಳು ಹೊಡೆದರೆ ಒಳ್ಳೆಯದಿತ್ತು ಎಂದು ಅವನಿಗೆ ಅನಿಸಿತು.

"ಎಷ್ಟೊತ್ತಿಗೆ?"

"ಹನ್ನೊಂದೂವರೆ."

"ಭಾನುವಾರ ಹನ್ನೊಂದೂವರೆ," ಎಂದು ಅವಳು ತನಗೇ ಹೇಳಿಕೊಂಡಳು. "ನಂಗೆ ಗೊತ್ತಾದದ್ದು ಬುಧವಾರ. ಅಷ್ಟೊತ್ತಿಗೆ ನೀರು ಇಳ್ದು ಎಣ್ಣಿ ಮಣ್ಣಿಗೆ ಕೂತಿತ್ತು. ಅದೇ ದಿನ ಬಂದು ಒಂದು ಮಾತು ಹೇಳಿದ್ರೆ ನೀರಿನ ಮೇಲೇ ಹುಲ್ಲು ಹಾಸಿ ಸಂಜಿಯೊಳಗೆ ಎತ್ತಿಬಿಡ್ತಿದ್ದೆ ತಮಾ. ಮಣ್ಣಿಗೆ ಇಳೀತಾನೇ ಇರ್ಲಿಲ್ಲ. ಈ ಐದು ತಿಂಗಳು ನಾನು ಹೊತ್ತದ್ದು ಎಣ್ಣಿ ಅಲ್ಲ, ನಿನ್ನ ಬಾಯಿ ಮುಚ್ಚಿದ್ದು."

ಇದನ್ನು ಅವನು ಯೋಚಿಸಿಯೇ ಇರಲಿಲ್ಲ. ಹಲಗೆ ಎತ್ತಿದ ಇಪ್ಪತ್ತು ನಿಮಿಷಕ್ಕಾಗಿ ಐದು ತಿಂಗಳು ನಿದ್ದೆಗೆಟ್ಟಿದ್ದ. ಸುಮ್ಮನಿದ್ದ ಮೂರು ದಿನಗಳು ಅವನ ಲೆಕ್ಕದಲ್ಲಿ ಬಂದೇ ಇರಲಿಲ್ಲ. ಮೂವತ್ತೆಂಟು, ನಾಲ್ಕು ಎಂದು ಹೆಮ್ಮೆಯಿಂದ ಬರೆದು ತಂದ ಮೊದಲ ಕಾಗದ ಜೇಬಿನಲ್ಲಿ ಭಾರವಾಯಿತು. ಕ್ಷಮಿಸಿ ಎಂಬ ಮಾತು ಈ ಹೆಂಗಸಿನ ಎದುರು ಬಹಳ ಸಣ್ಣದೆನಿಸಿತು.

ಹುಲಿಯಾ ಹತ್ತಿರ ಬಂದು ಪ್ರದೀಪನ ಮುಖವನ್ನೇ ನೋಡಿದ. ಸಿಟ್ಟು ಹುಡುಕಿದರೆ ಪ್ರದೀಪನಿಗೆ ಅಲ್ಲಿ ಸಿಟ್ಟು ಕಾಣಲಿಲ್ಲ. ಬೇರೆ ಏನೋ, ಮನೆಯಲ್ಲಿ ಕಳೆದುಹೋದದ್ದು ಎಲ್ಲೋ ಇದೆ ಎಂದು ಸುಳಿವು ಸಿಕ್ಕವನ ಅವಸರ.

"ಕಲ್ಲಿನಲ್ಲಿ ಹೊಡೆದೆ ಅಂದ್ಯಲ್ಲ. ಒಂದೇ ಏಟಿಗೆ ಒಡೀತಾ?"

"ಇಲ್ಲ."

"ಮತ್ತೆ?"

ಪ್ರದೀಪ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಅಂಗೈ ಉರಿದದ್ದು, ಕಲ್ಲೇ ಚಕ್ಕೆಯೆದ್ದದ್ದು, ದೊಡ್ಡ ಕಲ್ಲು ಹುಡುಕಿ ತಂದದ್ದು. "ಏಳು ಸಲ ಹೊಡೆದೆ. ಮೊದಲ ಕಲ್ಲು ಒಡೆದು ಹೋಯಿತು. ಏಳನೆಯದಕ್ಕೆ ಮೂಲೆ ಬಂತು."

"ಏಳು," ಎಂದ ಹುಲಿಯಾ. ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯನೇ? ಏಳು."

ಸೋಮಿ ಗಂಡನ ಮುಖ ನೋಡಿದಳು. ತನ್ನ ಸಿಟ್ಟನ್ನು ಬಿಡಲಿಲ್ಲ, ಆದರೆ ಕಾಗದವನ್ನು ಪ್ರದೀಪನ ಕೈಯಿಂದ ತೆಗೆದುಕೊಂಡು ಹಿಂಬದಿ ತಿರುಗಿಸಿ, ಬೀಜದ ಬುಟ್ಟಿಯ ಮೇಲೆ ಮಣೆ ಇಟ್ಟು, ಅದರ ಮೇಲೆ ಹಾಸಿದಳು. "ಖಾಲಿ ಅದೆ. ಈಗ ಹೇಳಿದ್ದನ್ನೆಲ್ಲ ಬರಿ. ನಾಳೆ ಒಂಬತ್ತು ಮನೆಯವರ ಎದುರು ನೀನೇ ಓದೂದು. ಆ ಮೇಲೆ ಎಲ್ಲಾರೂ ಎಂತ ಮಾಡ್ತ್ರೋ ಮಾಡ್ಲಿ."

ಪ್ರದೀಪ ನೆಲಕ್ಕೆ ಕೂತ. ಸದರಿ ಎಂದು ಬರೆದು ಹೊಡೆದು ಹಾಕಿದ. 'ನಾನು, ಪ್ರದೀಪ' ಎಂದು ಸುರು ಮಾಡಿದ. ಪಾಳಿ, ಸಂದೇಶ, ಸಿಗಡಿ, ಇಪ್ಪತ್ತು ನಿಮಿಷ, ಮೂರು ದಿನ. ನಾಳೆ ಜಗದೀಶನ ಮುಖ ಹೇಗಾಗಬಹುದು, ದೀಕ್ಷಾ ಏನನ್ನಬಹುದು ಎಂದು ಭಯವಾಗುತ್ತಲೇ ಇತ್ತು, ಕೈ ಬರೆಯುತ್ತಲೂ ಇತ್ತು. ಹುಲಿಯಾ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಓದಲು ಬಾರದ ಸಾಲುಗಳ ಮೇಲೆ ಕಣ್ಣಿಟ್ಟಿದ್ದ. ಹಲಗೆಯ ಮೂಲೆಯನ್ನು ಕಲ್ಲಿನಿಂದ ಒಡೆದೆನು ಎಂದು ಪ್ರದೀಪ ಬಾಯಿಬಿಟ್ಟು ಹೇಳುತ್ತ ಬರೆದು ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಮುದುಕ ಅವನ ಮಣಿಕಟ್ಟು ಹಿಡಿದ.

"ಏಳು ಸಲ ಅಂತ ಬರಿ," ಎಂದ.